ಎಡ ಮಗ್ಗುಲಿಗೆ

...ಕಣ್ಣು ಮುಚ್ಚಬೇಡಿ ಅತ್ತೆ. ನಿದ್ದೆ ಬಂದಿಲ್ಲ ನಿಮಗೆ. ನಿದ್ದೆ ಬಂದಾಗ ನಿಮ್ಮ ಬಾಯಿ ಒಂದು ಕಡೆಗೆ ವಾಲುತ್ತೆ, ಈಗ ವಾಲಿಲ್ಲ. ಇಷ್ಟು ವರ್ಷ ಈ ಮಂಚದ ಪಕ್ಕ ನಿಂತವಳಿಗೆ ಅಷ್ಟೂ ಗೊತ್ತಾಗಲ್ವಾ? ಲಕ್ವ ಹೊಡೆದಿದ್ದು ಬಲಗೈಗೆ, ಬಲಗಾಲಿಗೆ. ಕಿವಿಗಲ್ಲ. ಕೇಳಿಸ್ಕೊಳ್ಳಿ.

ಹಾಗೇನು ನೋಡ್ತೀರಿ? ದೆವ್ವ ಕಂಡ ಹಾಗೆ... ನಾನೇ. ಬಟ್ಟೆ ಕೂಡ ಬದಲಾಯಿಸಿಲ್ಲ. ಚಪ್ಪಲಿ ಬಿಟ್ಟವಳು ನೇರ ಇಲ್ಲಿಗೇ ಬಂದೆ. ಹೌದು, ಇದು ನೀವು ಹೊಲಿದ ಬಿಳಿ ಅಂಗಿಯೇ. ಬಿಳಿ ಹಾಕ್ಕೊಂಡು ಬನ್ನಿ ಅಂದಿದ್ರು, ನನ್ನ ಹತ್ರ ಇರೋದು ಇದೊಂದೇ ಬಿಳಿ. ಕಂಕುಳಲ್ಲಿ ಬಿಗಿ. ತಪ್ಪು ನಿಮ್ಮದಲ್ಲ, ಆಗ ನನ್ನ ಅಳತೆ ಬೇರೆ ಇತ್ತು. ಆಗ ಎಲ್ಲದರ ಅಳತೆಯೂ ಬೇರೆ ಇತ್ತು.

ನರ್ಸಿಂಗ್ ಕಾಲೇಜಿಗೆ ಹೋಗಿದ್ದೆ. ಸಂದರ್ಶನ, ಆಮೇಲೆ ಕೈಕೆಲಸದ ಪರೀಕ್ಷೆ. ನಿಮ್ಮ ಮಗ ಹೇಳಿರಬೇಕಲ್ಲ? ಹೇಳಿರ್ತಾರೆ. ನಿಮ್ಮ ಹತ್ರ ಅವರು ಎಲ್ಲಾ ಹೇಳ್ತಾರೆ. ಬೆಳಿಗ್ಗೆಯಿಂದ ನಿಮ್ಮ ಮಗಳು ಬಂದು ಕೂತಿದ್ಳಲ್ಲ, ಅವಳೂ ಹೇಳಿರ್ತಾಳೆ, ಬಣ್ಣ ಕಟ್ಟಿ. ‘ತಲೆ ನರೆತ ಮೇಲೆ ಅತ್ತಿಗೆ ಪಾಟಿ ಹಿಡಿದ್ಳು’ ಅಂತ.

ಗೇಟಿನ ಹತ್ರ ಕಾವಲುಗಾರ ಏನಂದ ಗೊತ್ತಾ? ‘ಅಮ್ಮಾ, ಮಕ್ಕಳ ಜೊತೆ ಬಂದವರು ಆ ಕಡೆ, ಮರದ ಕೆಳಗೆ.’ ನಾನೇ ಆ ಮಗು ಕಣಪ್ಪ ಅಂದೆ. ಅವನು ನನ್ನ ಹಿಂದೆ ಬಗ್ಗಿ ನೋಡಿದ, ಇನ್ಯಾರೋ ಇದಾರೇನೋ ಅಂತ.

ನಗ್ತಿದೀರಾ? ನಗಿ. ಅರ್ಧ ಬಾಯಲ್ಲಿ ನಕ್ಕರೂ ಅದು ನಗೂನೇ. ಕಾವಲುಗಾರನೂ ನಕ್ಕ, ಅವನಿಗೆ ಪೂರ್ತಿ ಬಾಯಿತ್ತು.

ಒಳಗೆ ಹೋದ್ರೆ ಬೆಂಚು ತುಂಬ ಹುಡುಗೀರು. ಎರಡು ಜಡೆ, ಒಂದು ಜಡೆ, ಕುದುರೆಬಾಲ. ನನ್ನ ಪಕ್ಕದಲ್ಲಿ ಒಬ್ಬ ಅಪ್ಪ ನೀರಿನ ಬಾಟಲಿ ಹಿಡ್ಕೊಂಡು ಕೂತಿದ್ದ. ‘ನಿಮ್ಮ ಮಗಳು ಒಳಗೆ ಹೋಗಿ ಎಷ್ಟೊತ್ತಾಯ್ತು?’ ಅಂದ. ಇನ್ನೂ ಕರೆದಿಲ್ಲ ಅಂದೆ. ಸುಳ್ಳೇನಲ್ಲವಲ್ಲ. ಎಷ್ಟು ಜನಕ್ಕೆ ಅಂತ ಬಿಡಿಸಿ ಹೇಳೋದು? ವಯಸ್ಸಾದ ಮೇಲೆ ಓದೋಕೆ ಬರೋರಿಗೆ ಅಂತ ಅಲ್ಲಿ ಇಟ್ಟಿರೋದು ಒಂದೇ ಸೀಟು. ಒಂದೇ. ಬರೆಯೋ ಪರೀಕ್ಷೆಯಲ್ಲಿ ಸೋಸಿ ಸೋಸಿ ಕೊನೆಗೆ ಉಳಿದಿದ್ದು ನಾವಿಬ್ಬರು. ನಾನು, ಇನ್ನೊಬ್ಬ ಬೇಕರಿಯವನು.

ಆ ಪರೀಕ್ಷೆಗೆ ಓದಿದ್ದು ಎಲ್ಲಿ? ಇದೇ ಕೋಣೇಲಿ. ನಿಮ್ಮ ಔಷಧಿ ಡಬ್ಬಕ್ಕೆ ಪುಸ್ತಕ ಒರಗಿಸ್ಕೊಂಡು. ಒಂದು ಕೈಯಲ್ಲಿ ನಿಮಗೆ ಗಂಜಿ, ಒಂದು ಕೈಯಲ್ಲಿ ಹಾಳೆ. ನಾನು ಹೃದಯದ ಚಿತ್ರ ಬರೀತಿದ್ರೆ ನೀವು ಕತ್ತು ಎತ್ತಿ ಎತ್ತಿ ಇಣುಕ್ತಿದ್ರಿ. ನೋಡಿದೀನಿ ನಾನು. ಏನದು ಅಂತ ಕೇಳಬೇಕು ಅನ್ನಿಸ್ತಿತ್ತು ನಿಮಗೆ. ಕೇಳಲಿಲ್ಲ. ಸರಿ, ಬಿಡಿ.

ಮೂರು ಜನ ಕೂತಿದ್ರು. ಮುಖ್ಯಸ್ಥೆ ನಡುವೆ. ಆಯಮ್ಮ ಕನ್ನಡಕದ ಮೇಲಿಂದ ನೋಡಿ, ‘ಈ ವಯಸ್ಸಲ್ಲಿ ಯಾಕೆ?’ ಅಂದ್ರು.

ಯಾಕೆ ಅಂದ್ರೆ... ನಾನೇನು ಹೇಳಲಿ? ಈ ವಯಸ್ಸಲ್ಲಿ ಅಲ್ಲಮ್ಮ, ಆ ವಯಸ್ಸಲ್ಲೇ ಸಿಕ್ಕಿತ್ತು ಅನ್ನಲಾ? ಈ ಮನೆಗೆ ಬಂದ ಹೊಸತು, ಸೀಟು ಸಿಕ್ಕಿದೆ ಅಂತ ಹೇಳೋಕೆ ನಿಮ್ಮ ಹೊಲಿಗೆ ಅಂಗಡಿಗೆ ಓಡಿ ಬಂದೆ. ನೀವು ಮೇಜಿನ ಮೇಲೆ ಬಟ್ಟೆ ಹಾಸಿ ಕತ್ತರಿ ಹಾಕ್ತಿದ್ರಿ. ಎದುರಿಗೆ ಗಿರಾಕಿ. ತಲೆ ಕೂಡ ಎತ್ತಲಿಲ್ಲ. ‘ಊರವರ ಹೇಲು ಉಚ್ಚೆ ಬಳಿಯೋಕೆ ಕಾಲೇಜಿಗೆ ಬೇರೆ ಹೋಗಬೇಕಾ? ಕಾಲ ಬಂದ್ರೆ ಅದು ಮನೇಲೇ ಸಿಗುತ್ತೆ ಬಿಡು.’ ಗಿರಾಕಿ ನಕ್ಕಳು. ನೀವೂ ನಕ್ಕಿರಿ. ನಿಮ್ಮ ಮಗ ಹೆಗಲ ಮೇಲಿನ ಅಳತೆಪಟ್ಟಿ ಸರಿ ಮಾಡ್ಕೊಂಡು ಒಳಗೆ ಹೋದ್ರು.

ಕಾಲ ಬಂತು ನೋಡಿ. ಮನೇಲೇ ಸಿಕ್ತು. ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು, ಏನು ಮಾಡೋದು, ಡಾಕ್ಟರು ಸಕ್ಕರೆ ಬೇಡ ಅಂದಿದಾರೆ.

ಆ ಕಡೆ ಮುಖ ತಿರುಗಿಸಬೇಡಿ. ಗೋಡೆ ಮೇಲೆ ಏನೂ ಬರೆದಿಲ್ಲ.

ಇಷ್ಟೆಲ್ಲ ಅಲ್ಲಿ ಹೇಳಲಿಲ್ಲ ನಾನು. ಮನೆಯ ಮಾನ ಅಂತ ಒಂದಿದೆಯಲ್ಲ. ‘ಅತ್ತೆಯವರನ್ನ ನೋಡ್ಕೊಳ್ತಾ ಇದೀನಿ, ಅದೇ ನನ್ನ ಅನುಭವ’ ಅಂದೆ. ‘ಹಾಸಿಗೆ ಹಿಡಿದಾಗಿಂದ ಒಂದು ಸಲವೂ ಅವರ ಬೆನ್ನಿಗೆ ಹುಣ್ಣಾಗಿಲ್ಲ’ ಅಂದೆ. ಮೂರೂ ಜನ ತಲೆ ಎತ್ತಿದ್ರು. ಅದು ಸಣ್ಣ ಮಾತಲ್ಲ ಅತ್ತೆ. ಆಸ್ಪತ್ರೇಲೇ ಹುಣ್ಣಾಗುತ್ತೆ ಜನಕ್ಕೆ. ನಿಮ್ಮ ಬೆನ್ನು ಮಗುವಿನ ಬೆನ್ನಿದ್ದ ಹಾಗಿದೆ. ಹೊತ್ತು ಹೊತ್ತಿಗೆ ಮಗ್ಗುಲು ಬದಲಾಯಿಸಿದ್ದು, ಹಿಮ್ಮಡಿ ಕೆಳಗೆ ಮೆತ್ತೆ ಇಟ್ಟಿದ್ದು, ಹಾಸಿಗೆ ಬಟ್ಟೆಯ ಒಂದೊಂದು ಸುಕ್ಕೂ ಅಂಗೈಯಲ್ಲಿ ಎಳೆದು ತೆಗೆದಿದ್ದು... ಯಾರು? ಸುಕ್ಕು ತೆಗೆಯೋದು ನಿಮ್ಮಿಂದಲೇ ಕಲಿತಿದ್ದು, ಅದನ್ನ ಇಲ್ಲ ಅನ್ನಲ್ಲ. ಇಸ್ತ್ರಿ ಮಾಡಿದ ಬಟ್ಟೇಲಿ ಗೆರೆ ಕಂಡ್ರೆ ನನ್ನ ಮುಖದ ಮೇಲೆ ಎಸೀತಿದ್ರಲ್ಲ. ಒಳ್ಳೇ ಪಾಠ.

ನಿಮ್ಮ ಮಗಳಿಗೆ ಹೇಳಿ, ಅವಳು ಮಾಡಲಿ ನೋಡೋಣ. ಬೆಳಿಗ್ಗೆ ಇಷ್ಟು ಹೊತ್ತು ಕೂತಿದ್ಳಲ್ಲ, ಈ ಹೊದಿಕೆ ನೋಡಿ, ಹಗ್ಗ ಹೊಸೆದ ಹಾಗೆ. ಬಾಯಿ ತುಂಬ ಮಾತಾಡ್ತಾಳೆ, ಕೈ ಮಾತ್ರ ಮಡಿಲಲ್ಲೇ. ಅವಳು ಮಾತಿಗೆ, ನಾನು ಮೈಗೆ. ಚೆನ್ನಾಗಿ ಪಾಲು ಮಾಡ್ಕೊಂಡಿದೀವಿ ನಿಮ್ಮನ್ನ.

ಹೂಂ... ಅದೇ ಹೆದರಿಕೆ ಅಲ್ವಾ? ಇವಳು ಕಾಲೇಜಿಗೆ ಹೋದ್ರೆ ನನ್ನ ಗತಿ ಏನು ಅಂತ. ಹಗಲಿಗೆ ನಿಮ್ಮ ಮಗಳು ಬರ್ತಾಳಂತೆ, ಸಂಜೆಗೆ ನಾನು ಇದ್ದೇ ಇರ್ತೀನಿ. ನಿಮ್ಮ ಮಗ ಎಲ್ಲಾ ಯೋಚನೆ ಮಾಡಿದಾರೆ. ಈ ಸಲ ಒಳಗೆ ಎದ್ದು ಹೋಗಲಿಲ್ಲ, ಅದೇ ದೊಡ್ಡದು.

ಆಮೇಲೆ ಕೈಕೆಲಸದ ಪರೀಕ್ಷೆ. ದೊಡ್ಡ ಹಾಲ್, ಎರಡು ಸಾಲು ಮಂಚ. ಗೊಂಬೆ ಮಲಗಿಸಿರ್ತಾರೆ ಅಂದ್ಕೊಂಡಿದ್ದೆ. ಗೊಂಬೆ ಅಲ್ಲ, ಮನುಷ್ಯರು. ಸುಮ್ಮನೆ ರೋಗಿ ಥರ ಮಲಗೋಕೆ ಒಪ್ಪಿ ಬಂದೋರು. ನನ್ನ ಮಂಚದ ಮೇಲೆ ಒಬ್ಬ ಮುದುಕಿ, ಹಿಂದೆ ರೈಲಲ್ಲಿ ಟಿಕೆಟ್ ನೋಡ್ತಿದ್ದೋಳಂತೆ. ಮಲಗಿದ್ರೂ ಟಿಕೆಟ್ ಕೇಳೋ ಮುಖವೇ. ಪಕ್ಕದ ಮಂಚಕ್ಕೆ ಬೇಕರಿಯವನು.

ಏನು ಕೊಟ್ರು ಗೊತ್ತಾ ನನಗೆ? ‘ಇವರಿಗೆ ಬಲಗಡೆ ಸ್ವಾಧೀನ ಇಲ್ಲ ಅಂತ ತಿಳ್ಕೊಳ್ಳಿ. ಎಡ ಮಗ್ಗುಲಿಗೆ ತಿರುಗಿಸಿ ಹಾಸಿಗೆ ಬಟ್ಟೆ ಬದಲಾಯಿಸಿ.’ ನನಗೆ ನಗು ತಡೆಯೋಕಾಗಲಿಲ್ಲ. ಮೀನಿಗೆ ಈಜು ಅಂದ ಹಾಗೆ. ಮೊಣಕಾಲು ಮಡಿಸಿದೆ, ಒಂದು ಕೈ ಭುಜಕ್ಕೆ, ಒಂದು ಸೊಂಟಕ್ಕೆ, ನನ್ನ ಮೈಭಾರ ಹಿಂದಕ್ಕೆ... ಹೊರಳಿ ಬಂದ್ಳು. ಬೆನ್ನಿಗೆ ದಿಂಬು, ಹಳೇ ಬಟ್ಟೆ ಸುರುಳಿ ಸುತ್ತಿ ಒಳಕ್ಕೆ, ಹೊಸದು ಅದರ ಹಿಂದೆಯೇ, ಆ ಕಡೆಯಿಂದ ಎಳೆದೆ. ಬೆನ್ನಿನ ಬುಡ ನೋಡಿದೆ, ಹಿಮ್ಮಡಿ ನೋಡಿದೆ. ಎಲ್ಲೂ ಒಂದು ಸುಕ್ಕಿಲ್ಲ. ನಾನು ಮುಗಿಸಿ ಕೈ ಒರೆಸ್ಕೊಳ್ತಿದ್ರೆ ಬೇಕರಿಯವನು ಇನ್ನೂ ಹೊದಿಕೆ ಬಿಚ್ಚಿರಲಿಲ್ಲ. ಪಾಪ, ಹಿಟ್ಟು ನಾದೋ ಕೈ. ನನ್ನ ವಾರಿಗೆಯವನೇ, ತಲೆ ಮಾತ್ರ ನನಗಿಂತ ಮುಂಚೆ ಬೋಳಾಗಿದೆ. ‘ಅಪ್ಪಾ, ನಾನು ಈಗ ತಾನೆ ಕೈ ತೊಳ್ಕೊಂಡು ಬಂದೆ, ತಣ್ಣಗಿದೆ, ಸ್ವಲ್ಪ ತಡ್ಕೊಳ್ಳಿ’ ಅಂತಾನೆ ಮಂಚದ ಮೇಲಿರೋ ಮುದುಕನಿಗೆ. ‘ಈಗ ಭುಜ ಹಿಡೀತೀನಿ. ಈಗ ಸೊಂಟ. ನೋವಾದ್ರೆ ಹೇಳಿ.’ ದಿಂಬು ಕೆಳಗೆ ಬಿತ್ತು. ಅದಕ್ಕೂ ಒಂದು ಕ್ಷಮೆ. ಹಾಸಿಗೆ ಬಟ್ಟೆ ಹಾಸಿದ್ದು ನೀವು ನೋಡಬೇಕಿತ್ತು ಅತ್ತೆ, ಅವನ ಮುಖಕ್ಕೇ ಎಸೀತಿದ್ರಿ.

ಆಮೇಲಾ? ಆಮೇಲೇನು... ಇನ್ನೂ ನಿರ್ಧಾರ ಆಗಿಲ್ಲ. ಸೋಮವಾರ ಮತ್ತೆ ಬನ್ನಿ ಅಂದ್ರು. ವಯಸ್ಸಾಯ್ತಲ್ಲ, ಅದಕ್ಕೆ ಹಿಂದೆಮುಂದೆ ನೋಡ್ತಾರೆ. ಎಲ್ಲಾ ಕಡೆ ಅದೇ ಹಾಡು. ನಮ್ಮಂಥೋರಿಗೆ ವಯಸ್ಸೇ ಶತ್ರು.

...ಏನು?

ಯಾಕೆ ಹುಬ್ಬು ಮೇಲೆ ಹೋಯ್ತು?

ಹೌದು. ಅವನೂ ನನ್ನ ವಾರಿಗೆಯವನೇ ಅಂದೆ. ನಾನೇ ಅಂದೆ, ಬಾಯ್ತಪ್ಪಿ. ಮೈ ಬಿದ್ದುಹೋದ್ರೂ ಲೆಕ್ಕದಲ್ಲಿ ನೀವು ಬೀಳಲ್ಲ. ಗಿರಾಕಿ ತಂದ ಬಟ್ಟೇಲಿ ಅರ್ಧ ಗಜ ಕಮ್ಮಿ ಇದ್ರೂ ಹಿಡೀತಿದ್ದ ಕಣ್ಣಲ್ವಾ.

ಸರಿ. ವಯಸ್ಸಲ್ಲ.

ಆ ಟಿಕೆಟ್ ಮುದುಕಿ. ಎಲ್ಲಾ ಮುಗಿದ ಮೇಲೆ ಮುಖ್ಯಸ್ಥೆ ಅವಳನ್ನ ಕೇಳಿದ್ರು, ಹೇಗಿತ್ತಮ್ಮ ಅಂತ. ಅಲ್ಲಿ ಹಾಗೆ ಕೇಳ್ತಾರೆ, ಮಲಗಿರೋರನ್ನ. ಮುದುಕಿ ಎದ್ದು ಕೂತು ಕೂದಲು ಕಟ್ಕೊಂಡು ಹೇಳಿದ್ಳು: ‘ಕೈ ಬಹಳ ಚೆನ್ನಾಗಿದೆ, ಇಂಥ ಕೈ ನಾನು ಕಂಡಿಲ್ಲ. ಆದ್ರೆ ಹಿಟ್ಟು ನಾದೋನು ಆ ಕಡೆ ಇದ್ದ, ಹಿಟ್ಟಾಗಿದ್ದು ನಾನು ಈ ಕಡೆ.’ ಅಲ್ಲಿದ್ದೋರೆಲ್ಲ ನಕ್ರು. ನಾನೂ ನಕ್ಕೆ, ಅರ್ಥ ಆಗದೆ. ‘ಒಂದು ಮಾತಾಡಲಿಲ್ಲ ಅವಳು,’ ಅಂದ್ಳು. ‘ಬಂದ್ಳು, ಭುಜಕ್ಕೆ ಎರಡು ಸಲ ತಟ್ಟಿದ್ಳು, ಮಗುಚಿ ಹಾಕಿದ್ಳು.’

ಮುಖ್ಯಸ್ಥೆ ನನ್ನ ಕಡೆ ತಿರುಗಿದ್ರು. ‘ಹೌದು, ನಾನೂ ನೋಡಿದೆ. ಆ ತಟ್ಟಿದ್ದು ಏನದು?’

ಏನದು ಅಂತ ಕೇಳ್ತಾರೆ.

ಮಂಚದ ಪಕ್ಕ ನಿಂತು ನಾನು ತಟ್ಟಿದ್ದು ಅವರು ಕೇಳೋವರೆಗೆ ನನಗೇ ಗೊತ್ತಿರಲಿಲ್ಲ ಅತ್ತೆ. ತಟ್ಟಿದೆ, ಮುದುಕಿ ಮೈ ಸಡಿಲ ಬಿಡಲಿಲ್ಲ, ಎಡಗೈ ಎದೆ ಮೇಲೆ ಇಟ್ಕೊಳ್ಳಲಿಲ್ಲ. ಇದ್ಯಾಕೆ ಇವಳು ಹೀಗೆ ಮರದ ತುಂಡಿನ ಹಾಗೆ ಬಿದ್ದಿದಾಳೆ ಅಂತ ನನಗೆ ಸಿಟ್ಟೂ ಬಂತು. ಅವಳಿಗೆ ಹೇಗೆ ಗೊತ್ತಿರಬೇಕು? ಭುಜಕ್ಕೆ ಎರಡು ಅಂದ್ರೆ ಮಗ್ಗುಲು. ಬಟ್ಟಲಿಗೆ ಚಮಚ ತಾಗಿಸಿದ್ರೆ ಊಟ. ಗಲ್ಲಕ್ಕೆ ಒಂದು ಬೆರಳು ಅಂದ್ರೆ ಬಾಯಿ ತೆಗಿ, ಮಾತ್ರೆ. ಇಷ್ಟನ್ನ ಲೋಕದಲ್ಲಿ ಬಲ್ಲೋರು ಇಬ್ಬರೇ. ಅವರಲ್ಲಿ ಒಬ್ಬರು ಇಲ್ಲಿ ಮಲಗಿದೀರಿ.

‘ಅಭ್ಯಾಸ’ ಅಂದೆ.

‘ಮನೇಲಿ ಅತ್ತೇನ ನೋಡ್ಕೊಳ್ತೀನಿ ಅಂದ್ರಲ್ಲ, ಅವರ ಹತ್ರ ಮಾತಾಡಲ್ವಾ?’

ಮಾತಾಡ್ತೀನಿ ಅಂದೆ. ಎಲ್ಲಾ ಮಾತಾಡ್ತೀನಿ, ಬೆಳಿಗ್ಗೆ ಎದ್ದಾಗಿಂದ ಮಲಗೋವರೆಗೆ, ನಮ್ಮತ್ತೆ ನನಗೆ ತಾಯಿ ಇದ್ದ ಹಾಗೆ, ಇವತ್ತು ಗಾಬರೀಲಿ ಬಾಯಿ ಕಟ್ಟಿಹೋಯ್ತು... ಹಾಗಂದೆ. ಕಣ್ಣಲ್ಲಿ ಕಣ್ಣಿಟ್ಟು ಅಂದೆ.

...

ಏನಾದ್ರೂ ಅನ್ನಿ.

ಸುಳ್ಳಿ ಅನ್ನಿ. ಅದನ್ನಾದ್ರೂ ಅನ್ನಿ. ನಿಮಗೆ ಬಾಯಿ ಬರುತ್ತೆ, ನನಗೆ ಗೊತ್ತು. ಮಗ ಬಂದು ಕೂತ್ರೆ ದಿಂಬು ಎತ್ತರ ಆಯ್ತು, ಗಂಜಿಗೆ ಉಪ್ಪಿಲ್ಲ, ಕಿಟಕಿ ಹಾಕು, ತೊದಲಿದ್ರೂ ಎಲ್ಲಾ ಹೇಳ್ತೀರಿ. ನಾನು ಬಾಗಿಲ ಆಚೆ ನಿಂತು ಕೇಳಿ, ಮಾರನೇ ದಿನ ಉಪ್ಪು ಹಾಕ್ತೀನಿ, ದಿಂಬು ತೆಗೀತೀನಿ. ಹಾಗೇ ನಡೀತಿದೆಯಲ್ಲ ಸಂಸಾರ. ನಾನು ಒಳಗೆ ಬಂದ ತಕ್ಷಣ ಬಾಯಿಗೆ ಬೀಗ. ಬೀಗ ಹಾಕಿದ್ದು ನೀವಾ, ನಾನಾ?

...ಆ ಕಣ್ಣು ತೆಗೀರಿ ನನ್ನ ಮೇಲಿಂದ.

ನಾನೇ. ಆಯ್ತಾ? ನಾನೇ. ನಿಮ್ಮನ್ನ ಆಸ್ಪತ್ರೆಯಿಂದ ತಂದು ಈ ಮಂಚಕ್ಕೆ ಹಾಕಿದ ದಿನ ತೀರ್ಮಾನ ಮಾಡಿದೆ. ಮೈಗೆ ಏನು ಬೇಕೋ ಎಲ್ಲಾ ಮಾಡ್ತೀನಿ, ಒಂದು ಕೊರತೆ ಮಾಡಲ್ಲ, ಜನ ಬಂದು ಬೆನ್ನು ನೋಡಿ ಹೊಗಳಬೇಕು. ಮಾತು ಮಾತ್ರ ಕೊಡಲ್ಲ. ಮೊದಲ ವಾರ ನೀವು ‘ನೀರು’ ಅಂದ್ರಿ. ತಂದೆ, ಕುಡಿಸಿದೆ, ಬಾಯಿ ಒರೆಸಿದೆ. ‘ನೋವು’ ಅಂದ್ರಿ. ಮಗ್ಗುಲು ಬದಲಾಯಿಸಿದೆ. ‘ಯಾಕೆ ಮಾತಾಡಲ್ಲ’ ಅಂದ್ರಿ, ಆ ಮುರುಕು ಬಾಯಲ್ಲಿ. ಭುಜಕ್ಕೆ ಎರಡು ತಟ್ಟಿದೆ. ಆಮೇಲೆ ನೀವೂ ಕೇಳೋದು ಬಿಟ್ರಿ.

ಅದಕ್ಕೇ ಅಲ್ವಾ ನಾನು ಬಾಗಿಲು ತೆಗೆದು ‘ಅತ್ತೆ’ ಅಂದ ಕೂಡಲೇ ನಿಮಗೆ ದೆವ್ವ ಕಂಡ ಹಾಗಾಗಿದ್ದು? ಈ ಕೋಣೆಗೆ ನನ್ನ ದನಿ ಹೊಸದು. ನನಗೇ ಹೊಸದಾಗಿ ಕೇಳಿಸ್ತಿದೆ.

ಎರಡು ಸಲ ತಟ್ಟೋದು ಎಲ್ಲಿಂದ ಬಂತು ಅಂತ ಅಲ್ಲಿ ಹೇಳಲಿಲ್ಲ. ಹೇಳಿದ್ರೆ ಯಾರಿಗೆ ಅರ್ಥ ಆಗ್ತಿತ್ತು? ಅಂಗಡೀಲಿ ನೀವು ನನ್ನನ್ನ ಏನಂತ ಕರೀತಿದ್ರಿ? ಹೆಸರಿಂದಲಾ? ಮಗಳೇ ಅಂತಲಾ? ಕತ್ತರಿಯ ಹಿಡಿಯಿಂದ ಮೇಜಿಗೆ ಟಕ್ ಟಕ್. ಗುಂಡಿ ಹಾಕೋಕೆ ಟಕ್ ಟಕ್, ಕಸ ಗುಡಿಸೋಕೆ ಟಕ್ ಟಕ್. ಒಳಗೆ ನಾನು ಪಾತ್ರೆ ಬಿಟ್ಟು ಓಡಿ ಬರ್ತಿದ್ದೆ. ಗಿರಾಕಿಗಳ ನಾಯಿಗಾದ್ರೂ ಹೆಸರಿತ್ತು.

ಕೊಟ್ಟಿದ್ದನ್ನೇ ವಾಪಸ್ ಕೊಟ್ಟೆ. ಸಮ ಆಗುತ್ತೆ ಅಂದ್ಕೊಂಡಿದ್ದೆ. ಈಗ ನೋಡಿದ್ರೆ... ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಅಲ್ಲಿ ಬಂಗಾರ ಯಾರೂ ಕೇಳಲಿಲ್ಲ. ಬೆಳ್ಳಿ ಎಲ್ಲಿ ಅಂದ್ರು.

ಸೋಮವಾರ ಇಬ್ಬರನ್ನೂ ಕರೆದಿದಾರೆ, ನನ್ನನ್ನ, ಬೇಕರಿಯವನನ್ನ. ಅದೇ ಹಾಲ್, ಅದೇ ಕೆಲಸ. ಮುಖ್ಯಸ್ಥೆ ಹೊರಡೋವಾಗ ಹತ್ರ ಬಂದು ಹೇಳಿದ್ರು, ‘ಕೈ ನಾವು ಕಲಿಸಬಹುದು, ಅವನಿಗೂ ಕಲಿಸ್ತೀವಿ. ಮಾತನ್ನ ಮಾತ್ರ ನೀವೇ ತರಬೇಕು. ಮುಟ್ಟೋಕೆ ಮುಂಚೆ ಕೇಳಿ. ಅವರು ಹೂಂ ಅಂದ ಮೇಲೆ ಮುಟ್ಟಿ. ಮನೇಲಿ ಅತ್ತೆ ಇದಾರಲ್ಲ.’ ಅಷ್ಟು ಅಂದು ಒಂದು ಥರಾ ನೋಡಿದ್ರು. ನಾನು ಹೇಳಿದ್ದನ್ನ ಆಯಮ್ಮ ನಂಬಿರಲಿಲ್ಲ ಅತ್ತೆ.

...ಗೊತ್ತಾಯ್ತು. ಅದೂ ಗೊತ್ತಾಯ್ತಾ ನಿಮಗೆ? ಎಷ್ಟು ಬೇಗ.

ಹೌದು, ಸೋಮವಾರಕ್ಕೇ. ಇವತ್ತು ಇಷ್ಟು ಮಾತು ಬಂದಿದ್ದು ನಿಮ್ಮ ಮೇಲೆ ಪ್ರೀತಿ ಉಕ್ಕಿ ಅಲ್ಲ. ಬಸ್ಸಲ್ಲಿ ಬರ್ತಾ ಕಿಟಕಿ ಕಡೆ ಮುಖ ಮಾಡ್ಕೊಂಡು ಅಭ್ಯಾಸ ಮಾಡಿದೆ, ‘ಅತ್ತೆ, ತಿರುಗಿಸ್ಲಾ? ಅತ್ತೆ, ತಿರುಗಿಸ್ಲಾ?’ ಅಂತ. ಪಕ್ಕದೋಳು ಎದ್ದು ಬೇರೆ ಸೀಟಿಗೆ ಹೋದ್ಳು. ಆ ಎರಡು ಮಾತು ಹೇಳೋಕೆ ಬಂದೋಳು ನಾನು. ಉಳಿದಿದ್ದು ಹೇಗೆ ಬಂತೋ ನನಗೆ ಗೊತ್ತಿಲ್ಲ. ಈ ಸೀಟೂ ಹೋದ್ರೆ ಮುಂದಿನ ಸಲಕ್ಕೆ ನಿಜವಾಗಲೂ ವಯಸ್ಸು ಮೀರುತ್ತೆ ನನಗೆ.

ಬಿಸಿಲು ಕಿಟಕಿಯ ಕೆಳಗಿನ ಸರಳಿಗೆ ಬಂತು. ಮಗ್ಗುಲು ಬದಲಾಯಿಸೋ ಹೊತ್ತಾಯ್ತು. ಇರಿ, ಕೈ ತೊಳ್ಕೊಂಡು ಬರ್ತೀನಿ.

...

ಬಂದೆ.

ನೋಡಿ, ಕೈ ತಾನಾಗೇ ಭುಜದ ಕಡೆ ಹೋಗ್ತಾ ಇದೆ. ಇಲ್ಲ, ತಟ್ಟಲ್ಲ. ಹಿಂದಕ್ಕೆ ಕಟ್ಕೊಂಡೆ.

ಅತ್ತೆ. ನಿಮ್ಮನ್ನ ಎಡ ಮಗ್ಗುಲಿಗೆ ತಿರುಗಿಸ್ಲಾ?

...

ಹೂಂ ಅನ್ನಿ. ಬೇಡ ಅಂತಲಾದ್ರೂ ಅನ್ನಿ. ಹೂಂ ಅನ್ನೋವರೆಗೆ ನಾನು ಮುಟ್ಟಲ್ಲ, ಅವರು ಹಾಗೇ ಹೇಳಿದಾರೆ. ನಿಮಗೆ ಸೊಂಟ ಉರೀತಾ ಇದೆ ಅಂತ ನನಗೆ ಗೊತ್ತು. ಹಟ ಮಾಡಬೇಡಿ. ನನ್ನ ಹಟ ಸಾಕು ಈ ಮನೆಗೆ.

...

ಅತ್ತೆ.

...ಏನದು?

ಉಂಗುರ. ಮಂಚದ ಕಂಬಿಗೆ ಎಡಗೈ ಉಂಗುರ ತಟ್ಟಿದ್ರಿ. ಎರಡು ಸಲ.

ಅದು ಹೂಂ ಅಂತಲಾ? ಇಲ್ಲ ಅಂಗಡೀಲಿ ಕರೀತಿದ್ರಲ್ಲ, ಅದಾ?

...ಹೇಳಲ್ಲ. ಸೋಮವಾರದ ಮುದುಕಿ ಇಷ್ಟು ಕಷ್ಟ ಕೊಡಲ್ಲ ನನಗೆ.

ಸರಿ. ಈಗ ಭುಜ ಹಿಡೀತೀನಿ. ನನ್ನ ಕೈ ತಣ್ಣಗಿದೆ, ಅತ್ತೆ.